ಬ್ಲ್ಯಾಕ್ ಹೋಲ್ ನಿಮ್ಮ ಮನೆಗೆ ಬರಲ್ಲ

ನಮ್ಮ ಸುದ್ದಿ ಚಾನೆಲ್ಲುಗಳಿಗೆ ವರ್ಷಕ್ಕೆ ಒಂದೆರಡು ಸಲವಾದರೂ ಭೂಮಿಯನ್ನ ಯಾರ ಬಾಯಿಗಾದರೂ ಹಾಕೋ ಹುಕಿ ಬರುತ್ತೆ. ಒಮ್ಮೆ ಧೂಮಕೇತು, ಇನ್ನೊಮ್ಮೆ ಯಾವುದೋ ಕ್ಷುದ್ರಗ್ರಹ. ಯಾವುದೂ ಸಿಗದಿದ್ದರೆ ಇದ್ದೇ ಇದೆಯಲ್ಲ, ಬ್ಲ್ಯಾಕ್ ಹೋಲ್. ಪರದೆ ತುಂಬಾ ಕೆಂಪು ಅಕ್ಷರ, ಹಿಂದೆ ಢಮಢಮ ಸಂಗೀತ, ಇಂಗ್ಲಿಷ್ ಸಿನಿಮಾದಿಂದ ಎತ್ತಿದ ಗ್ರಾಫಿಕ್ಸು, ಗಂಟಲು ದಪ್ಪ ಮಾಡ್ಕೊಂಡು ಮಾತಾಡೋ ಒಂದು ದನಿ. ಅರ್ಧ ಗಂಟೆ ನೋಡಿ ಎದ್ದವರ ತಲೇಲಿ ಉಳಿಯೋದು ಇಷ್ಟು: ಆಕಾಶದಲ್ಲಿ ಒಂದು ತೂತಿದೆ, ಅದು ಸಿಕ್ಕಿದ್ದನ್ನೆಲ್ಲ ಹೀರ್ಕೊಳ್ತಾ ಬರ್ತಿದೆ, ಇವತ್ತಲ್ಲ ನಾಳೆ ನಮ್ಮ ಸರದಿ.

ಅದು ತೂತಲ್ಲ. ಹೀರ್ಕೊಳ್ತಾ ಬರೋದೂ ಇಲ್ಲ. ನಮ್ಮ ಸರದಿಯಂತೂ ಇಲ್ಲವೇ ಇಲ್ಲ.

ಟಿವಿಯವರು ಇರೋದೇ ಹಾಗೆ, ಬಿಡು ಮಾರಾಯ ಅಂತೀರಿ. ನಾನೂ ಬಿಡ್ತಿದ್ದೆ. ಆದರೆ ದಿನಾ ಎರಡು ಲೋಕದ ನಡುವೆ ಓಡಾಡೋನಿಗೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತೆ. ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡದಲ್ಲಿ, ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಬ್ಲ್ಯಾಕ್ ಹೋಲ್ ಮಾತು ಬಂದರೆ ಹುಡುಗರು ಇಂಗ್ಲಿಷ್ ವಿಡಿಯೋ ನೋಡಿಕೊಂಡು ಬಂದಿರ್ತಾರೆ. ಅದರ ತೂಕ ಎಷ್ಟು, ದೂರ ಎಷ್ಟು, ಹೇಗೆ ಪತ್ತೆ ಹಚ್ಚಿದರು ಅಂತ ಮಾತಾಡ್ತಾರೆ. ಅದೇ ಸಂಜೆ ಆರ್‌ಪಿಸಿ ಲೇಔಟಿಗೆ ಬಂದು ಬೇಕರಿ ಮುಂದೆ ಟೀ ಹಿಡಿದು ನಿಂತರೆ, "ಸಾರ್, ನೀವು ಸಾಫ್ಟ್‌ವೇರ್ ಅಲ್ವಾ, ನಿಮಗೆ ಗೊತ್ತಿರುತ್ತೆ. ಇನ್ನೆಷ್ಟು ವರ್ಷ ಇದೆಯಂತೆ ನಮಗೆ?" ಅಂತ ಕೇಳ್ತಾರೆ. ಕೇಳೋರು ದಡ್ಡರಲ್ಲ. ಚೀಟಿ ವ್ಯವಹಾರದ ಲೆಕ್ಕವನ್ನ ಬಾಯಲ್ಲೇ ಮಾಡಿ ನನ್ನನ್ನ ಬೆಪ್ಪು ಮಾಡೋ ಜನ. ಸಂಗತಿ ಒಂದೇ, ದಿನವೂ ಒಂದೇ. ಇಂಗ್ಲಿಷ್ ಬಲ್ಲವರ ಪಾಲಿಗೆ ಕಾರಣ ಬಂತು, ಕನ್ನಡ ಬಲ್ಲವರ ಪಾಲಿಗೆ ಮೂರು ಆಶ್ಚರ್ಯಸೂಚಕ ಚಿಹ್ನೆ ಬಂತು. ನನ್ನ ಸಿಟ್ಟು ಈ ಹಂಚಿಕೆಯ ಮೇಲೆ.

ಇದು ಬರೀ ನಗಾಡೋ ವಿಷಯವೂ ಅಲ್ಲ. 2008ರ ಸೆಪ್ಟೆಂಬರ್ 10ರಂದು ಜಿನೀವಾ ಹತ್ತಿರ ಸರ್ನ್ ಸಂಸ್ಥೆಯವರು 27 ಕಿ.ಮೀ. ಸುತ್ತಳತೆಯ ಕಣ ಡಿಕ್ಕಿ ಯಂತ್ರವನ್ನ ಚಾಲೂ ಮಾಡಿದರು. ನಾನಾಗ ಎರಡನೇ ವರ್ಷದ ಬಿ.ಇ. ಹಾಸ್ಟೆಲ್ ಟಿವಿಯ ಹಿಂದಿ ಚಾನೆಲ್ಲುಗಳಲ್ಲಿ ಪ್ರಳಯ ಬಂದೇಬಿಡ್ತು ಅನ್ನೋ ಹಾಗೆ ಗಂಟೆ ಎಣಿಸ್ತಿದ್ದರು: ಯಂತ್ರದಲ್ಲಿ ಬ್ಲ್ಯಾಕ್ ಹೋಲ್ ಹುಟ್ಟುತ್ತೆ, ಭೂಮಿಯನ್ನ ಒಳಗಿಂದ ತಿನ್ನುತ್ತೆ ಅಂತ. ಅದೇ ದಿನಗಳಲ್ಲಿ ಮಧ್ಯಪ್ರದೇಶದಲ್ಲಿ ಹದಿನಾರು ವರ್ಷದ ಒಬ್ಬ ಹುಡುಗಿ ವಿಷ ಕುಡಿದು ಸತ್ತಳು. ಟಿವೀಲಿ ಪ್ರಳಯದ ಸುದ್ದಿ ನೋಡಿ ನೋಡಿ ಹೆದರಿದ್ದಳು ಅಂತ ಅವಳ ತಂದೆ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಆ ಚಾನೆಲ್ಲುಗಳು ಹೇಳದೇ ಬಿಟ್ಟ ಒಂದೇ ಒಂದು ವಾಕ್ಯ ಏನು ಗೊತ್ತಾ? ಆ ಯಂತ್ರದಲ್ಲಿ ಆಗೋ ಡಿಕ್ಕಿಗಿಂತ ಎಷ್ಟೋ ಪಟ್ಟು ಜೋರಿನ ಡಿಕ್ಕಿಗಳು ಆಕಾಶದಿಂದ ಬರೋ ವಿಶ್ವಕಿರಣಗಳಿಂದ ನಮ್ಮ ತಲೆ ಮೇಲಿನ ಗಾಳಿಯಲ್ಲಿ ನೂರಾರು ಕೋಟಿ ವರ್ಷಗಳಿಂದ ಆಗ್ತಾನೇ ಇವೆ, ಭೂಮಿ ಇನ್ನೂ ಇದೆ. ಇಷ್ಟು ಹೇಳೋಕೆ ಹತ್ತು ಸೆಕೆಂಡು ಸಾಕಿತ್ತು.

2019ರ ಏಪ್ರಿಲ್ 10ರಂದು ಬ್ಲ್ಯಾಕ್ ಹೋಲಿನ ಮೊದಲ ಚಿತ್ರ ಬಿಡುಗಡೆ ಆಯ್ತು, ನೆನಪಿದೆಯಾ? ಕಿತ್ತಳೆ ಬಣ್ಣದ ಉಂಗುರ, ನಡುವೆ ಕಪ್ಪು. ಅವತ್ತು ರಾತ್ರಿ ಊರಿಂದ ನಮ್ಮವ್ವನ ಫೋನು. "ಏನ್ಲಾ ಮಗ, ಅದ್ಯಾವ್ದೋ ಕರಿ ತೂತಂತೆ, ಭೂಮಿನೇ ನುಂಗ್ಕತದಂತೆ, ಟೀವೀಲಿ ಬತ್ತಾ ಅದೆ. ನೀವು ಒಂದ್ ನಾಕ್ ದಿನ ಊರಿಗ್ ಬಂದ್ಬುಡಿ." ನಾಗಮಂಗಲ ತಾಲೂಕಿಗೆ ಏನೋ ವಿನಾಯಿತಿ ಇದೆ ಅನ್ನೋ ಹಾಗೆ! ನಾನು ಕೇಳಿದೆ, "ಅವ್ವ, ನಮ್ಮ ಹೊಲದ್ ಮೇಗಡೆ ಕಟ್ಟೆ ಇಲ್ದ ಬಾವಿ ಇತ್ತಲ್ಲ, ಅದು ಯಾವತ್ತಾದ್ರೂ ಎದ್ದು ಬಂದು ಯಾರನ್ನಾದ್ರೂ ನುಂಗಿತ್ತಾ?" "ಬಾವಿ ಎಲ್ಲಾರ ಎದ್ ಬತ್ತದ? ಬಗ್ಗಿ ನೋಡಕ್ ಹೋದೋರು ಬೀಳ್ತಾರೆ ಅಷ್ಟೆಯ." "ಇದೂ ಅಷ್ಟೇ ಕಣವ್ವ. ಅದೂ ಎಷ್ಟು ದೂರದಲ್ಲಿ ಅಂತೀಯ, ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರೋಕೆ ಐದೂವರೆ ಕೋಟಿ ವರ್ಷ ಬೇಕು." ಆಕೆಗೆ ಅಲ್ಲಿಗೆ ಸಮಾಧಾನ ಆಯ್ತು. ಚಾನೆಲ್ಲಿನ ಅರ್ಧ ಗಂಟೆ ಹುಟ್ಟಿಸಿದ ಹೆದರಿಕೆ ಇಳಿಸೋಕೆ ಒಂದು ಬಾವಿ ಸಾಕಾಯ್ತು.

ಬಾವಿಯ ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ತೀನಿ. ಬಾವಿಗೆ ಎಳೆಯೋ ಶಕ್ತಿ ಇಲ್ಲ, ಬ್ಲ್ಯಾಕ್ ಹೋಲಿಗೆ ಇದೆ. ಆದರೆ ಎಷ್ಟು ಎಳೆಯುತ್ತೆ? ಅದರ ತೂಕ ಎಷ್ಟೋ ಅಷ್ಟೇ. ಒಂದು ಗ್ರಾಂ ಕೂಡ ಹೆಚ್ಚಿಲ್ಲ. ಈ ಒಂದು ಮಾತು ಅರ್ಥವಾದರೆ ಟಿವಿಯ ರಾಕ್ಷಸ ಅರ್ಧ ಸತ್ತ ಹಾಗೆ. ಈಗ ಈ ಕ್ಷಣ ನಮ್ಮ ಸೂರ್ಯನನ್ನ ತೆಗೆದು ಅದೇ ಜಾಗದಲ್ಲಿ ಅಷ್ಟೇ ತೂಕದ ಬ್ಲ್ಯಾಕ್ ಹೋಲ್ ಇಟ್ಟರೆ ಏನಾಗುತ್ತೆ? ಎಂಟು ನಿಮಿಷ ಕಳೆದ ಮೇಲೆ ಕತ್ತಲಾಗುತ್ತೆ. ಆಮೇಲೆ ಚಳಿಗೆ ಸಾಯ್ತೀವಿ, ಅದು ಬೇರೆ ಮಾತು. ಆದರೆ ಭೂಮಿ ಎಲ್ಲಿ ಸುತ್ತುತ್ತಿತ್ತೋ ಅಲ್ಲೇ ಸುತ್ತುತ್ತಿರುತ್ತೆ, ಅದೇ 365 ಚಿಲ್ಲರೆ ದಿನಕ್ಕೆ ಒಂದು ಸುತ್ತು. ಒಂದು ಅಂಗುಲ ಒಳಗೆ ಜಾರಲ್ಲ.

ಇದು ಲೆಕ್ಕದ ಮಾತಷ್ಟೇ ಅಲ್ಲ, ಕಂಡ ಮಾತು. ನಮಗೆ ಗೊತ್ತಿರೋ ಬ್ಲ್ಯಾಕ್ ಹೋಲುಗಳಲ್ಲಿ ಅತಿ ಹತ್ತಿರದ್ದು 2022ರಲ್ಲಿ ಪ್ರಕಟವಾಯ್ತು, ಗಾಯಾ ಬಿಎಚ್1 ಅಂತ ಹೆಸರು. ಹತ್ತಿರ ಅಂದರೆ ಸುಮಾರು 1,560 ಜ್ಯೋತಿರ್ವರ್ಷ. ತೂಕ ಸೂರ್ಯನ ಹತ್ತು ಪಟ್ಟಿನ ಹತ್ತಿರ. ಅದರ ಸುತ್ತ ಒಂದು ನಕ್ಷತ್ರ ಸುತ್ತುತ್ತಿದೆ, ಹೆಚ್ಚೂಕಡಿಮೆ ನಮ್ಮ ಸೂರ್ಯನಂಥದ್ದೇ. ಅವೆರಡರ ನಡುವಿನ ದೂರ ಸರಾಸರಿಯಲ್ಲಿ ನಮಗೂ ಸೂರ್ಯನಿಗೂ ಇರೋ ದೂರದ ಒಂದೂವರೆ ಪಟ್ಟಿಗಿಂತ ಕಡಿಮೆ. 186 ದಿನಕ್ಕೊಂದು ಸುತ್ತು ಹಾಕ್ಕೊಂಡು ಆರಾಮಾಗಿದೆ. ಎಲ್ಲವನ್ನೂ ಹೀರೋ ರಾಕ್ಷಸನ ಪಕ್ಕದಲ್ಲೇ ಸಂಸಾರ ಮಾಡ್ಕೊಂಡಿದೆ ಸ್ವಾಮಿ. ಈ ಸುದ್ದಿಯನ್ನ ಯಾವ ಚಾನೆಲ್ಲು ಕೆಂಪಕ್ಷರದಲ್ಲಿ ಹಾಕ್ತು?

ಹಾಗಾದರೆ ಅಷ್ಟೊಂದು ಭಯಂಕರ ಅಂತಾರಲ್ಲ, ಅದು ಎಲ್ಲಿ? ಅದು ಹತ್ತಿರ ಹೋದಾಗ, ತೀರಾ ಹತ್ತಿರ ಹೋದಾಗ. ಕಲ್ಲನ್ನ ಮೇಲಕ್ಕೆ ಎಸೆದರೆ ವಾಪಸ್ ಬೀಳುತ್ತೆ. ಸೆಕೆಂಡಿಗೆ 11.2 ಕಿ.ಮೀ. ವೇಗದಲ್ಲಿ ಎಸೆದರೆ ವಾಪಸ್ ಬರಲ್ಲ, ಭೂಮಿಯನ್ನ ಬಿಟ್ಟೇ ಹೋಗುತ್ತೆ (ಗಾಳಿ ಅಡ್ಡ ಬರಲ್ಲ ಅಂತ ಇಟ್ಕೊಳ್ಳಿ). ಸೂರ್ಯನ ಮೇಲ್ಮೈಯಿಂದ ಬಿಡಿಸ್ಕೊಂಡು ಹೋಗೋಕೆ ಸೆಕೆಂಡಿಗೆ 618 ಕಿ.ಮೀ. ಬೇಕು. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ., ಹಾಗಾಗಿ ಅದು ಸೂರ್ಯನಿಂದ ಸಲೀಸಾಗಿ ಹೊರಡುತ್ತೆ. ಈಗ ಸೂರ್ಯನನ್ನ ಹಿಂಡಿ ಚಿಕ್ಕದು ಮಾಡ್ತಾ ಹೋಗಿ, ತೂಕ ಅಷ್ಟೇ ಇರಲಿ. ಈಗಿನ ಸೂರ್ಯನ ಒಳಗೆ ಇಳೀತಾ ಹೋದರೆ ನೀವು ದಾಟಿ ಬಂದ ಭಾಗ ನಿಮ್ಮನ್ನ ಕೆಳಕ್ಕೆ ಎಳೆಯಲ್ಲ, ಕಾಲಕೆಳಗೆ ಉಳಿದದ್ದು ಮಾತ್ರ ಎಳೆಯುತ್ತೆ. ಹಿಂಡಿದ ಮೇಲೆ ಹಾಗಲ್ಲ, ಪೂರ್ತಿ ತೂಕವೂ ನಿಮ್ಮ ಕಾಲಕೆಳಗೇ ಇರುತ್ತೆ, ನೀವು ಅದಕ್ಕೆ ಅಷ್ಟು ಹತ್ತಿರ ಹೋಗಬಹುದು. ಅದೇ ವ್ಯತ್ಯಾಸ, ಬೇರೇನೂ ಮಾಯೆ ಇಲ್ಲ. ಏಳು ಲಕ್ಷ ಕಿ.ಮೀ. ತ್ರಿಜ್ಯದ ಸೂರ್ಯ 3 ಕಿ.ಮೀ. ತ್ರಿಜ್ಯಕ್ಕೆ ಇಳಿದಾಗ ಬಿಡಿಸ್ಕೊಂಡು ಹೋಗೋಕೆ ಬೇಕಾದ ವೇಗ ಬೆಳಕಿನ ವೇಗವನ್ನ ಮುಟ್ಟುತ್ತೆ. ನಮ್ಮ ಆರ್‌ಪಿಸಿ ಲೇಔಟನ್ನ ನಡುವೆ ಇಟ್ಟರೆ ಈ ಕಡೆ ನಾಯಂಡಹಳ್ಳಿ, ಆ ಕಡೆ ಬಿನ್ನಿಮಿಲ್, ಸುಮಾರು ಅಷ್ಟರೊಳಗೆ ಇಡೀ ಸೂರ್ಯ. ಭೂಮಿಯನ್ನ ಹೀಗೆ ಮಾಡಬೇಕಾದರೆ ನಾವು ಊರಲ್ಲಿ ಆಡ್ತಿದ್ದ ಗೋಲಿಯಷ್ಟಕ್ಕೆ ಹಿಂಡಬೇಕು.

ಆ ಗೆರೆಗೆ ಘಟನಾ ದಿಗಂತ ಅಂತ ಹೆಸರು. ಅಲ್ಲಿ ಗೋಡೆ ಇಲ್ಲ, ಪೊರೆ ಇಲ್ಲ, ಬೋರ್ಡೂ ಇಲ್ಲ. ಒಳಗೆ ನಡೆದದ್ದರ ಸುದ್ದಿ ಹೊರಗೆ ಬರಲ್ಲ, ಅಷ್ಟೇ. ಸುದ್ದಿ ತರಬೇಕಾದ ಬೆಳಕೇ ಬರಲ್ಲವಲ್ಲ.

ಹೆಸರಿನಿಂದಲೂ ಅರ್ಧ ಗೊಂದಲ ಆಗಿದೆ. 1967ರಲ್ಲಿ ಜಾನ್ ವ್ಹೀಲರ್ ಅನ್ನೋ ಅಮೆರಿಕದ ಭೌತವಿಜ್ಞಾನಿ ತಮ್ಮ ಭಾಷಣದಲ್ಲಿ ಬಳಸಿದ ಮೇಲೆ 'ಬ್ಲ್ಯಾಕ್ ಹೋಲ್' ಅನ್ನೋದು ಅಂಟಿಕೊಳ್ತು. ನಾವು ಅದನ್ನ ಕೃಷ್ಣವಿವರ ಅಂದ್ವಿ, ಕಪ್ಪುರಂಧ್ರ ಅಂದ್ವಿ, ಕಪ್ಪುಕುಳಿ ಅಂದ್ವಿ. ನನ್ನ ತಮ್ಮ ಹೈಸ್ಕೂಲಲ್ಲಿ ಕೃಷ್ಣವಿವರ ಅಂದರೆ ಶ್ರೀಕೃಷ್ಣನ ಬಗ್ಗೆ ವಿವರ ಅಂತ ಹೇಳಿ ಮೇಷ್ಟ್ರ ಕೈಲಿ ತಿಂದಿದ್ದ. ಅವನ ತಪ್ಪು ಅಂತ ನನಗೆ ಯಾವತ್ತೂ ಅನಿಸಿಲ್ಲ. ಯಾವ ಪದ ಬೇಕಾದ್ರೂ ಇಟ್ಕೊಳ್ಳಿ, ನನ್ನ ತಕರಾರಿಲ್ಲ. ತೂತು ಅಂದರೆ ಖಾಲಿ ಜಾಗ. ಇದು ಅದರ ತದ್ವಿರುದ್ಧ, ಊಹಿಸಲಾಗದಷ್ಟು ತೂಕ ಒಂದೇ ಕಡೆ ಕುಸಿದು ಕೂತದ್ದು ಅನ್ನೋದನ್ನ ಒಂದು ಸಲ ಹೇಳಿ ಸಾಕು.

ಕುಸಿಯೋದು ಯಾಕೆ? ಇದನ್ನ ಹೇಳೋಕೆ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರೋ ನಕ್ಷತ್ರವೇ ಇದೆ. ಆರಿದ್ರಾ. 'ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರಾ' ಅಂತ ಜೂನ್ ಕೊನೆ ವಾರದಲ್ಲಿ ನಮ್ಮಪ್ಪ ಮೋಡ ನೋಡ್ತಾ ಗೊಣಗ್ತಿದ್ದ. ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿರುವಾಗ ಬರೋ ಮಳೆಗೆ ಆ ಹೆಸರು. ಆ ನಕ್ಷತ್ರವನ್ನ ಇಂಗ್ಲಿಷಲ್ಲಿ ಬೆಟೆಲ್‌ಜ್ಯೂಸ್ ಅಂತಾರೆ. ಜನವರಿ, ಫೆಬ್ರವರಿ ರಾತ್ರಿ ಎಂಟು ಗಂಟೆಗೆ ವಿಜಯನಗರದ ಇಷ್ಟೆಲ್ಲ ಲೈಟು, ಧೂಳಿನ ನಡುವೆಯೂ ತಾರಸಿ ಮೇಲಿಂದ ಕಾಣುತ್ತೆ: ಸಾಲಾಗಿ ಮೂರು ನಕ್ಷತ್ರ ಇರ್ತವಲ್ಲ, ಅದರ ಉತ್ತರಕ್ಕೆ ಕೆಂಪಗೆ ಹೊಳೆಯೋದು.

ನಕ್ಷತ್ರ ಅಂದರೆ ಎಣ್ಣೇಲಿ ಉಬ್ಬಿದ ಪೂರಿ ಅಂತ ತಿಳ್ಕೊಳ್ಳಿ. ಒಳಗಿನ ಹಬೆ ಹೊರಕ್ಕೆ ಒತ್ತುತ್ತಾ ಇರೋವರೆಗೆ ಉಬ್ಬು, ಹಬೆ ಆರಿದರೆ ಚಪ್ಪಟೆ. ನಕ್ಷತ್ರದ ಸ್ವಂತ ತೂಕ ಅದನ್ನ ಒಳಕ್ಕೆ ಹಿಂಡ್ತಾ ಇರುತ್ತೆ. ನಡುವಿನ ಉರಿ ಹೊರಕ್ಕೆ ಒತ್ತುತ್ತಾ ಇರುತ್ತೆ. ಉರಿ ಅಂದರೆ ಸೌದೆ ಉರಿಯೋ ಥರ ಅಲ್ಲ. ಹೈಡ್ರೋಜನ್ ಬೆಸೆದು ಹೀಲಿಯಂ ಆಗೋದು. ನಮ್ಮ ಸೂರ್ಯ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಗೆ ಖರ್ಚು ಮಾಡುತ್ತೆ. ಆದರೂ 460 ಕೋಟಿ ವರ್ಷ ಬಾಳಿದೆ, ಇನ್ನೂ ಹತ್ತಿರ ಹತ್ತಿರ 500 ಕೋಟಿ ವರ್ಷಕ್ಕೆ ದಾಸ್ತಾನಿದೆ. ಆರಿದ್ರಾ ಹಾಗಲ್ಲ. ತೂಕದಲ್ಲಿ ಸೂರ್ಯನ ಹದಿನೈದಿಪ್ಪತ್ತು ಪಟ್ಟು, ಹುಟ್ಟಿ ಒಂದು ಕೋಟಿ ವರ್ಷದ ಆಸುಪಾಸು ಅಷ್ಟೇ, ಆಗಲೇ ಮುದುಕ. ದೊಡ್ಡ ಆಸ್ತಿವಂತರ ಮನೆ ಬೇಗ ಕರಗೋದನ್ನ ನಾವು ನೋಡಿಲ್ವಾ? ತೂಕ ಹೆಚ್ಚಿದಷ್ಟೂ ಹಿಂಡೋ ಬಲ ಹೆಚ್ಚು, ಅದನ್ನ ತಡೆಯೋಕೆ ಉರಿ ಜೋರಾಗಬೇಕು, ಖರ್ಚು ಜಾಸ್ತಿ.

ಹೈಡ್ರೋಜನ್ ಮುಗಿದ ಮೇಲೆ ಹೀಲಿಯಂ, ಆಮೇಲೆ ಕಾರ್ಬನ್, ನಿಯಾನ್, ಆಕ್ಸಿಜನ್, ಸಿಲಿಕಾನ್, ಒಂದೊಂದೇ ಒಲೆಗೆ ಬೀಳುತ್ತೆ. ಪ್ರತಿ ಸಲವೂ ಮೊದಲಿಗಿಂತ ಬೇಗ ಮುಗಿಯುತ್ತೆ. ಕೊನೆಯ ಸಿಲಿಕಾನ್ ಒಂದೆರಡು ದಿನದ ಮಾತು, ಕೆಲವೊಮ್ಮೆ ಅಷ್ಟೂ ಇಲ್ಲ. ಆಮೇಲೆ ಉಳಿಯೋದು ಕಬ್ಬಿಣ. ಒಲೆಗೆ ಸೌದೆ ಬದಲು ಕಬ್ಬಿಣ ಹಾಕಿದರೆ ಏನಾಗುತ್ತೆ? ಉರಿಯಲ್ಲ, ಇರೋ ಬಿಸಿಯನ್ನೂ ತಾನೇ ಕುಡಿಯುತ್ತೆ. ನಕ್ಷತ್ರದ ಒಡಲಲ್ಲೂ ಅದೇ, ಕಬ್ಬಿಣವನ್ನ ಬೆಸೆಯೋಕೆ ಹೋದರೆ ಶಕ್ತಿ ಹೊರಗೆ ಬರಲ್ಲ, ಒಳಗಿಂದೇ ಹೋಗುತ್ತೆ. ಅಲ್ಲಿಗೆ ಹೊರಕ್ಕೆ ಒತ್ತೋರು ಯಾರೂ ಇಲ್ಲ. ಭೂಮಿಯಷ್ಟು ದೊಡ್ಡ ಕಬ್ಬಿಣದ ತಿರುಳು ಒಂದು ಸೆಕೆಂಡಿನೊಳಗೆ ಒಂದು ಊರಿನಷ್ಟಕ್ಕೆ ಕುಸಿಯುತ್ತೆ. ಹೊರಗಿನ ಪದರಗಳು ಸಿಡಿದು ಹೋಗ್ತವೆ, ಅದೇ ಸೂಪರ್‌ನೋವಾ.

ಕುಸಿದ ತಿರುಳಿಗೆ ಇನ್ನೊಂದು ಆಸರೆ ಸಿಗಬಹುದು. ನ್ಯೂಟ್ರಾನುಗಳು ಒಂದಕ್ಕೊಂದು ಒತ್ತಿ ನಿಲ್ಲಿಸ್ತವೆ. ಆಗ ಉಳಿಯೋದು ನ್ಯೂಟ್ರಾನ್ ನಕ್ಷತ್ರ. ಅಗಲ ಇಪ್ಪತ್ತು ಇಪ್ಪತ್ತೈದು ಕಿ.ಮೀ., ಕೆಂಗೇರಿಯಿಂದ ಕೆ.ಆರ್. ಪುರಕ್ಕೆ ನೇರ ಗೆರೆ ಎಳೆದಷ್ಟು. ಒಂದು ಚಮಚ ತಗೊಂಡರೆ ನೂರಾರು ಕೋಟಿ ಟನ್. ಆದರೆ ಉಳಿದ ತಿರುಳಿನ ತೂಕ ಸೂರ್ಯನ ಎರಡು ಮೂರು ಪಟ್ಟು ದಾಟಿತು ಅಂದರೆ ನ್ಯೂಟ್ರಾನುಗಳ ಆಸರೆಯೂ ಕೈಬಿಡುತ್ತೆ. ಆಮೇಲೆ ತಡೆಯೋ ಬಲ ಪ್ರಕೃತೀಲಿ ನಮಗೆ ಗೊತ್ತಿರೋ ಹಾಗೆ ಯಾವುದೂ ಇಲ್ಲ. ಅದೇ ಬ್ಲ್ಯಾಕ್ ಹೋಲ್. ಅದು ಎಲ್ಲಿಂದಲೋ ಬಂದ ಭೂತ ಅಲ್ಲ. ಸೌದೆ ಮುಗಿದ ಒಂದು ಭಾರಿ ಒಲೆ. ನಮ್ಮ ಸೂರ್ಯನಿಗೆ ಅಷ್ಟು ತೂಕವೇ ಇಲ್ಲ, ಅದು ಕೊನೆಗೆ ಶ್ವೇತ ಕುಬ್ಜವಾಗಿ ನಿಧಾನಕ್ಕೆ ಆರುತ್ತೆ.

(ಗ್ಯಾಲಕ್ಸಿಗಳ ನಡುವೆ ಕೂತಿರೋ ದೈತ್ಯ ಬ್ಲ್ಯಾಕ್ ಹೋಲುಗಳ ಕಥೆ ಬೇರೆ. ನಮ್ಮ ಆಕಾಶಗಂಗೆಯದ್ದು ಸೂರ್ಯನ 43 ಲಕ್ಷ ಪಟ್ಟು. ಅವು ಅಷ್ಟು ದೊಡ್ಡದಾದದ್ದು ಹೇಗೆ ಅನ್ನೋದರ ಮೇಲೆ ಇನ್ನೂ ಕೆಲಸ ನಡೀತಿದೆ.)

ಈ ತೂಕದ ಮಿತಿ ಇದೆಯಲ್ಲ, ಅದರ ಮೊದಲ ಮೆಟ್ಟಿಲನ್ನ ಲೆಕ್ಕ ಹಾಕಿದ್ದು 1930ರಲ್ಲಿ ಇಂಗ್ಲೆಂಡಿಗೆ ಹಡಗಲ್ಲಿ ಹೊರಟಿದ್ದ ಹತ್ತೊಂಬತ್ತರ ಹುಡುಗ, ಸುಬ್ರಹ್ಮಣ್ಯನ್ ಚಂದ್ರಶೇಖರ್. ಶ್ವೇತ ಕುಬ್ಜ ಸೂರ್ಯನ 1.4 ಪಟ್ಟಿಗಿಂತ ಹೆಚ್ಚು ತೂಗಿದರೆ ನಿಲ್ಲೋಕಾಗಲ್ಲ ಅಂತ. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಎಡಿಂಗ್ಟನ್ ಅಂಥ ದೊಡ್ಡ ಮನುಷ್ಯ ಎದ್ದು ನಿಂತು ಇದು ಅಸಂಬದ್ಧ ಅಂತ ಗೇಲಿ ಮಾಡಿದರು. ಚಂದ್ರಶೇಖರ್‌ಗೆ ನೊಬೆಲ್ ಬಂದಿದ್ದು 1983ರಲ್ಲಿ. ಆ ಕಥೆಯನ್ನ ಎಲ್ಲರೂ ಹೇಳ್ತಾರೆ. ಯಾರೂ ಹೇಳದ ಕಥೆ ನಮ್ಮ ಬೆಂಗಳೂರಿನದು.

ಸಿ.ವಿ. ವಿಶ್ವೇಶ್ವರ ಅಂತ ಹೆಸರು ಕೇಳಿದೀರಾ? ಸರ್ ಎಂ.ವಿ. ಅಲ್ಲ, ಅವರು ಬೇರೆ. ಈ ಹೆಸರು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ಕೆಆರ್‌ಎಸ್ ಡ್ಯಾಮಿನ ಮಾತು ಶುರು ಮಾಡ್ತಾರೆ. ಇವರು 1938ರಲ್ಲಿ ಬೆಂಗಳೂರಲ್ಲಿ ಹುಟ್ಟಿದವರು. 1947ರ ಹರಪನಹಳ್ಳಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಸಿ.ಕೆ. ವೆಂಕಟರಾಮಯ್ಯನವರ ಮಗ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಹತ್ತಿರ ಪಿಎಚ್.ಡಿ. ಮಾಡಿದರು. ಆಗಿನ್ನೂ ಬ್ಲ್ಯಾಕ್ ಹೋಲ್ ನಿಜವಾಗಿ ಇದೆಯೋ ಬರೀ ಕಾಗದದ ಮೇಲಿನ ಲೆಕ್ಕವೋ ಅನ್ನೋ ಅನುಮಾನ ಹೋಗಿರಲಿಲ್ಲ. ಇವರು ಕೇಳಿದ ಪ್ರಶ್ನೆ ಹಳ್ಳಿ ಪ್ರಶ್ನೆ: ಇದನ್ನ ಸ್ವಲ್ಪ ತಳ್ಳಿದರೆ ಏನಾಗುತ್ತೆ? ಬಿದ್ದೋಗುತ್ತಾ, ನಿಲ್ಲುತ್ತಾ? ನಿಲ್ಲುತ್ತೆ ಅಂತ ಲೆಕ್ಕ ಹೇಳ್ತು. ಆಮೇಲೆ ಬ್ಲ್ಯಾಕ್ ಹೋಲಿನ ಮೇಲೆ ಗುರುತ್ವದ ಅಲೆಗಳನ್ನ ಎಸೆದು (ಲೆಕ್ಕದಲ್ಲೇ, ಕಂಪ್ಯೂಟರಿನಲ್ಲಿ) ಏನು ವಾಪಸ್ ಬರುತ್ತೆ ಅಂತ ನೋಡಿದರು. ಅಲೆಯ ಗಾತ್ರವನ್ನ ಚಿಕ್ಕದು ಮಾಡ್ತಾ ಮಾಡ್ತಾ ಬಂದಾಗ ಒಂದು ಹಂತದಲ್ಲಿ, ನೀವು ಯಾವ ಥರದ ಅಲೆ ಎಸೆದರೂ, ವಾಪಸ್ ಬರೋದು ಒಂದೇ ಥರದ ಕಂಪನ, ಬೇಗ ಬೇಗ ಅಡಗಿ ಹೋಗೋದು. 1970ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದನ್ನ ಪ್ರಕಟಿಸಿದರು.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಪಿಎಚ್.ಡಿ. ಬೇಡ. ಕತ್ತಲಾದ ಮೇಲೆ ದನ ವಾಪಸ್ ಬರುವಾಗ ಕೊರಳ ಗಂಟೆ ಸದ್ದು ಕೇಳಿ ಯಾವ ಹಸು ಅಂತ ನಮ್ಮವ್ವ ಒಲೆ ಮುಂದೆ ಕೂತೇ ಹೇಳ್ತಿದ್ದಳು. ಗಂಟೆಯನ್ನ ಕೋಲಲ್ಲಿ ಹೊಡೀರಿ, ಕಲ್ಲಲ್ಲಿ ಹೊಡೀರಿ, ನಾದ ಗಂಟೆಯದು, ಕೋಲಿನದಲ್ಲ. ಬ್ಲ್ಯಾಕ್ ಹೋಲಿಗೂ ತನ್ನದೇ ನಾದ ಇದೆ, ಅದು ಅದರ ತೂಕ ಮತ್ತೆ ತಿರುಗೋ ವೇಗ ಎರಡನ್ನೇ ಅವಲಂಬಿಸುತ್ತೆ, ಕತ್ತಲಲ್ಲಿ ಕಾಣದ ಹಸುವನ್ನ ಗಂಟೆಯಿಂದ ಗುರುತಿಸಿದ ಹಾಗೆ ಅದನ್ನ ಗುರುತಿಸಬಹುದು. ವಿಶ್ವೇಶ್ವರ ಅವರು ಕಂಡುಕೊಂಡದ್ದು ಇದನ್ನ. ಆಮೇಲೆ ಇದಕ್ಕೆ ಕ್ವಾಸಿನಾರ್ಮಲ್ ಮೋಡ್ ಅನ್ನೋ ಹೆಸರು ಬಂತು.

45 ವರ್ಷ ಕಳೀತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ಒಂದು ನಡುಕವನ್ನ ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಬ್ಲ್ಯಾಕ್ ಹೋಲ್, ಒಂದು ಸೂರ್ಯನ 36 ಪಟ್ಟು, ಇನ್ನೊಂದು 29 ಪಟ್ಟು, ಒಂದಕ್ಕೊಂದು ಸುತ್ತಿ ಒಂದಾದವು. ಕೂಡಿದರೆ 65 ಆಗಬೇಕು, ಉಳಿದದ್ದು 62. ಮೂರು ಸೂರ್ಯನ ತೂಕ ಅಲೆಯಾಗಿ ಹೋಯ್ತು. ಆ ಅಲೆ ಇಲ್ಲಿಗೆ ತಲುಪಿದಾಗ ನಾಲ್ಕು ಕಿ.ಮೀ. ಉದ್ದದ ಕೊಳವೆಯನ್ನ ಅಲುಗಿಸಿದ್ದು ಒಂದು ಪ್ರೋಟಾನಿನ ಅಗಲಕ್ಕಿಂತ ನೂರಾರು ಪಟ್ಟು ಕಡಿಮೆ. ಆ ನಡುಕದ ಬಾಲದಲ್ಲಿ ಹುಟ್ಟಿದ ಹೊಸ ಬ್ಲ್ಯಾಕ್ ಹೋಲ್ ಸೆಕೆಂಡಿಗೆ ಸುಮಾರು 250 ಸಲ ಕಂಪಿಸಿ ಕೆಲವೇ ಮಿಲಿಸೆಕೆಂಡಿನಲ್ಲಿ ಶಾಂತವಾಯ್ತು. ವಿಶ್ವೇಶ್ವರ ಅವರು ಹೇಳಿದ್ದ ಗಂಟೆ. 2016ರ ಫೆಬ್ರವರಿ 11ರಂದು ಪ್ರಕಟವಾದ ಲೈಗೋ ಪ್ರಬಂಧದಲ್ಲಿ 1970ರ ಆ ಲೇಖನದ ಉಲ್ಲೇಖ ಇದೆ. ಅದನ್ನ ನೋಡೋಕೆ ಅವರು ಬದುಕಿದ್ದರು, ಬೆಂಗಳೂರಲ್ಲೇ. ಮುಂದಿನ ವರ್ಷ ಜನವರಿ 16ರಂದು ತೀರಿಕೊಂಡರು.

ಇವರು ಹೋಗಿ ಅಲ್ಲೇ ಉಳಿದವರೂ ಅಲ್ಲ. ವಾಪಸ್ ಬಂದರು, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯಲ್ಲಿ ಕೆಲಸ ಮಾಡಿದರು, ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಶಾಲಾ ಪ್ರವಾಸದಲ್ಲಿ ನಾವೆಲ್ಲ ಬಾಯಿ ಬಿಟ್ಟುಕೊಂಡು ಮೇಲೆ ನೋಡ್ತಾ ಕೂತಿದ್ವಲ್ಲ, ಅದೇ ತಾರಾಲಯ. ನಮ್ಮ ಚಾನೆಲ್ಲುಗಳಿಗೆ ಬ್ಲ್ಯಾಕ್ ಹೋಲ್ ಅಂದರೆ ನೆನಪಾಗೋದು ಹಾಲಿವುಡ್ ಸಿನಿಮಾ, ನಾಸಾ, ಇಲ್ಲಾಂದ್ರೆ ಯಾವುದೋ ಭವಿಷ್ಯವಾಣಿ. ಚೌಡಯ್ಯ ರಸ್ತೇಲಿ ಆಫೀಸಿಟ್ಟುಕೊಂಡು ಕೂತಿದ್ದ ಮನುಷ್ಯನ ಮುಂದೆ ಮೈಕು ಹಿಡಿದು "ಸಾರ್, ಇದೇನಿದು, ಸ್ವಲ್ಪ ಕನ್ನಡದಲ್ಲಿ ಹೇಳಿ" ಅಂತ ಇವರಲ್ಲಿ ಎಷ್ಟು ಜನ ಕೇಳಿದ್ದರು?

ಇದಕ್ಕೆ ಬರೋ ಉತ್ತರ ನನಗೆ ಬಾಯಿಪಾಠ. ಒಂದು, ಜನಕ್ಕೆ ಇದೆಲ್ಲ ಬೇಡ, ಟಿಆರ್‌ಪಿ ಬರಲ್ಲ. ಟಿಆರ್‌ಪಿ ಲೆಕ್ಕ ನನಗೆ ಗೊತ್ತಿಲ್ಲದೆ ಇಲ್ಲ, ನಾನೂ ಕ್ಲಿಕ್ ಎಣಿಸೋ ಕಂಪನೀಲೇ ಸಂಬಳ ತಗೊಳ್ಳೋದು. ಆದರೆ ಬೇಡ ಅಂತ ಹೇಳೋಕೆ ಮೊದಲು ಒಂದು ಸಲ ಕೊಟ್ಟು ನೋಡಬೇಕಲ್ವಾ? ಬಾವಿ ಮಾತು ಮುಗಿದ ಮೇಲೆ ಅವತ್ತು ನಮ್ಮವ್ವ ಫೋನ್ ಇಡಲಿಲ್ಲ. "ಅಲ್ಲ ಕಣ್ಲಾ, ಒಳಕ್ ಬಿದ್ದುದ್ದು ಏನಾಯ್ತದೆ? ಬಾವಿ ಆದ್ರೆ ತಳ ಇರ್ತದೆ. ಅದ್ಕೂ ತಳ ಅದಾ?" ಅಂತ ಕೇಳಿದಳು. ನಾಲ್ಕನೇ ಕ್ಲಾಸ್ ಓದಿದ ಹೆಂಗಸು. ಆ ಪ್ರಶ್ನೆ ಇಟ್ಕೊಂಡೇ ರೋಜರ್ ಪೆನ್‌ರೋಸ್ 1965ರಲ್ಲಿ ಲೆಕ್ಕ ಹಾಕಿದ್ದು, ಅದಕ್ಕೇ 2020ರಲ್ಲಿ ಅವರಿಗೆ ನೊಬೆಲ್ ಬಂದಿದ್ದು. ಅಂಥ ಕುಸಿತದ ಕೊನೆಗೆ ನಮ್ಮ ಸಮೀಕರಣಗಳೇ ಕೈಚೆಲ್ಲೋ ಒಂದು ಜಾಗ ಬಂದೇ ಬರುತ್ತೆ ಅಂತ ಅವರು ತೋರಿಸಿದರು. ಕೋಡ್ ಬರೆಯೋರಿಗೆ ಗೊತ್ತು, ಸೊನ್ನೆಯಿಂದ ಭಾಗಿಸಿದರೆ ಪ್ರೋಗ್ರಾಂ ಬಿದ್ದೋಗುತ್ತೆ. ತಳದ ಬಗ್ಗೆ ಭೌತವಿಜ್ಞಾನ ಅಲ್ಲಿ ನಿಂತಿದೆ. ಜನಕ್ಕೆ ಅರ್ಥ ಆಗಲ್ಲ ಅನ್ನೋರು ನಮ್ಮವ್ವನ ಹತ್ತಿರ ಬಂದು ಹೇಳಲಿ.

ಎರಡು, ಕನ್ನಡದಲ್ಲಿ ಇದನ್ನ ಹೇಳೋಕೆ ಪದ ಇಲ್ಲ. ಇದು ನಮ್ಮ ಆಫೀಸಿನ ಕನ್ನಡದವರೇ ಹೆಚ್ಚು ಹೇಳೋ ಮಾತು, ಅದೂ ಇಂಗ್ಲಿಷಲ್ಲಿ. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ' ಬರೆದು ಅರ್ಧ ಶತಮಾನದ ಮೇಲಾಯ್ತು. ಮಡಿಕೇರಿಯ ಜಿ.ಟಿ. ನಾರಾಯಣರಾಯರು ಜೀವಮಾನ ಪೂರ್ತಿ ಖಗೋಳವನ್ನ ಕನ್ನಡದಲ್ಲೇ ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ನಮ್ಮೂರ ಶಾಲೆಗೂ ಬರ್ತಿತ್ತು. ನಮ್ಮ ಬಡಾವಣೆಗೆ ಅಂಟಿಕೊಂಡಿರೋ ಹಂಪಿನಗರದ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ವಿಜ್ಞಾನದ ಕಪಾಟು ನೋಡಿ ಬನ್ನಿ, ಆಮೇಲೆ ಪದ ಇಲ್ಲ ಅನ್ನಿ. ಅಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗರು ಬೆಳಗ್ಗಿಂದ ಸಂಜೆವರೆಗೆ ಕೂತಿರ್ತಾರೆ, ಹೆಚ್ಚಿನವರು ನನ್ನ ಥರ ಹಳ್ಳಿಯಿಂದ ಬಂದವರು. ಸಾಮಾನ್ಯ ಜ್ಞಾನಕ್ಕೆ ಚಂದ್ರಶೇಖರ್ ಮಿತಿ 1.4 ಅಂತ ಉರು ಹೊಡೀತಾರೆ. ಯಾವುದರ ಮಿತಿ, ಮೀರಿದರೆ ಏನಾಗುತ್ತೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಇನ್ನು ಇದೆಲ್ಲ ನಮ್ಮ ಪುರಾಣದಲ್ಲಿ ಆಗಲೇ ಇತ್ತು ಅನ್ನೋ ವಾಟ್ಸಾಪ್ ಗುಂಪಿನ ದೊಡ್ಡವರಿಗೆ ನನ್ನದು ಒಂದೇ ಕೋರಿಕೆ. ಇದ್ದರೆ ಸಂತೋಷ. ಮುಂದಿನ ಡಿಕ್ಕಿಯ ಕಂಪನ ಸೆಕೆಂಡಿಗೆ ಎಷ್ಟು ಸಲ ಅಂತ ಅದರಿಂದ ತೆಗೆದು ಮೊದಲೇ ಹೇಳಿ.

2024ರ ಜನವರಿ 1ರಂದು ಇಸ್ರೋ ಎಕ್ಸ್‌ಪೋಸ್ಯಾಟ್ ಉಪಗ್ರಹ ಹಾರಿಸ್ತು. ಅದರ ಮುಖ್ಯ ಉಪಕರಣ ಪೋಲಿಕ್ಸ್ ತಯಾರಾಗಿದ್ದು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಬ್ಲ್ಯಾಕ್ ಹೋಲಿಗೆ ಬೀಳೋ ಅನಿಲ ಒಂದಕ್ಕೊಂದು ಉಜ್ಜಿ ಕಾದು ಬಿಡೋ ಎಕ್ಸ್‌ರೇಯನ್ನ ಅಳೆಯೋಕೆ. ವಿಜಯನಗರದಿಂದ ಆಟೋದಲ್ಲಿ ಅರ್ಧ ಮುಕ್ಕಾಲು ಗಂಟೆ ದಾರಿ. ಅವತ್ತು ಸಂಜೆ ಬೇಕರಿ ಟಿವೀಲಿ ನಾನು ನೋಡಿದ ತಲೆಬರಹದಲ್ಲಿ 'ರಹಸ್ಯ' ಅನ್ನೋ ಪದ ಎರಡು ಸಲ ಇತ್ತು, ರಾಮನ್ ಸಂಸ್ಥೆಯ ಹೆಸರು ಒಂದು ಸಲವೂ ಬರಲಿಲ್ಲ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಲೈಗೋ ಕಟ್ಟೋಕೆ 2023ರಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅಲ್ಲಿಗೆ ನಮಗಿಂತ ಬೀದರಿನವರು ಹತ್ತಿರ. ಅದು ಕೆಲಸ ಶುರು ಮಾಡಿದ ದಿನ ಬೀದರಿನ ಹುಡುಗನಿಗೆ ಕನ್ನಡದಲ್ಲಿ ಏನು ಸಿಗುತ್ತೆ? ಗಂಟೆಯ ಕಥೆಯೋ, ಢಮಢಮವೋ?

ಆರಿದ್ರಾ ಒಂದು ದಿನ ಸಿಡಿಯುತ್ತೆ. ನಾಳೆಯೇ ಅಂತಲ್ಲ, ಇನ್ನೊಂದು ಲಕ್ಷ ವರ್ಷದೊಳಗೆ ಯಾವತ್ತಾದ್ರೂ. 2019ರ ಕೊನೆಗೆ ಅದು ಮಂಕಾದಾಗ ಇನ್ನೇನು ಸಿಡೀತು ಅಂತ ಗುಲ್ಲೆದ್ದಿತ್ತು, ಕಾರಣ ಅದೇ ಉಗುಳಿದ ಧೂಳು ಅಂತ ಆಮೇಲೆ ಗೊತ್ತಾಯ್ತು. ನಿಜವಾಗಿ ಸಿಡಿದರೆ ಹಗಲಲ್ಲೂ ಕಾಣುತ್ತೆ, ರಾತ್ರಿ ಅದರ ಬೆಳಕಿಗೆ ನೆರಳು ಬೀಳುತ್ತೆ, ಐನೂರು ಜ್ಯೋತಿರ್ವರ್ಷಕ್ಕೂ ಆಚೆ ಇರೋದರಿಂದ ನಮಗೆ ಒಂದು ಕೂದಲೂ ಕೊಂಕಲ್ಲ. ಬಹುಶಃ ನ್ಯೂಟ್ರಾನ್ ನಕ್ಷತ್ರ ಉಳಿಯುತ್ತೆ. ಚಾನೆಲ್ಲಿನವರು ಅದಕ್ಕೆ ಬೇಕಾದ ಗ್ರಾಫಿಕ್ಸು ಈಗಲೇ ಮಾಡಿಟ್ಟಿರ್ತಾರೆ, ಅನುಮಾನ ಬೇಡ. ಜೊತೆಗೆ ಎರಡು ಪುಟ ಕನ್ನಡವನ್ನೂ ಈಗಲೇ ಬರೆದಿಟ್ಟುಕೊಳ್ಳಲಿ: ಪೂರಿ, ಕಬ್ಬಿಣ, ದೂರ ಎಷ್ಟು, ತೂಕ ಎಷ್ಟು. ಬರೆಯೋರು ಸಿಗಲಿಲ್ಲ ಅಂದರೆ ತಾರಾಲಯದಲ್ಲಿ ಕನ್ನಡದಲ್ಲೇ ಪ್ರದರ್ಶನ ನಡೆಯುತ್ತೆ, ಒಂದು ಟಿಕೆಟ್ ತಗೊಂಡು ಕೂತು ಕೇಳಿಸ್ಕೊಳ್ಳಲಿ. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ವಿಧಾನಸೌಧ ಸ್ಟೇಷನ್ನಿನಲ್ಲಿ ಇಳಿದರೆ ಅಲ್ಲಿಂದ ಆಟೋಗೆ ಹೆಚ್ಚು ದೂರ ಇಲ್ಲ.